ಬೆಳಗಿನ ನಮಾಜಾದ ಮೇಲೆ ಒಂದು

ಅವರ ಹೆಸರನ್ನು ನಾನು ಒಮ್ಮೆ ಬರೆದಿದ್ದೇನೆ. “ಅದೊಂದ್ಸಲ ಬರ್ದಿದ್ದೇ ಸಾಕು ಸಾರ್, ಇನ್ನು ಬೇಡ” ಎಂದಳು ಅವರ ಮಗಳು. ಹಾಗಾಗಿ ಇಲ್ಲಿ ಹೆಸರಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರೂ ಇರಲಿಲ್ಲ ಅನ್ನಿ. ಉದಯಗಿರಿಯಿಂದ ಬರುತ್ತಿದ್ದ ಉರ್ದು ಮಾತಿನ ಹೆಂಗಸರಿಗೆ ಅವರು ಆಪಾ. ಅವರದೇ ಬೀದಿಗಳಾದ ಅಶೋಕಪುರಂ ಕಡೆಯವರಿಗೆ ಅಕ್ಕ. ದಟ್ಟಗಳ್ಳಿಯ ಒಬ್ಬ ಅಜ್ಜಿ ಮಾತ್ರ “ನಮ್ಮ ಡಾಕ್ಟರಮ್ಮ” ಅನ್ನುತ್ತಿದ್ದರು, ಅದೂ ನಿಜವಾದ ಡಾಕ್ಟರ ಎದುರಿಗೇ. ಡಾಕ್ಟರು ನಗುತ್ತಿದ್ದರು. ಇವರು ಕೈಯಲ್ಲಿದ್ದ ನೆಲ ಒರೆಸುವ ಕೋಲನ್ನು ಬೆನ್ನ ಹಿಂದೆ ಸರಿಸಿಕೊಳ್ಳುತ್ತಿದ್ದರು.

ಗುತ್ತಿಗೆಯ ಮೇಲೆ ನೆಲ ಒರೆಸುವುದು ಅವರ ಕೆಲಸ. ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟು, ಒಂದು ಯೋಜನೆಗೆ ಸೇರಿಕೊಂಡಿದ್ದೆ. ಬೇರೆ ಬೇರೆ ಭಾಷೆ, ಮತ, ಆಚಾರಗಳ ಜನಕ್ಕೆ ಆಸ್ಪತ್ರೆಯ ಸೇವೆ ಎಷ್ಟರಮಟ್ಟಿಗೆ ತಲುಪುತ್ತಿದೆ ಎಂದು ನೋಡಿ ವರದಿ ಬರೆಯಬೇಕು. ಮೈಸೂರಿನ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದರು. ಮೊದಲ ವಾರವೇ ನನ್ನ ತೀರ್ಮಾನ ಸಿದ್ಧವಾಗಿತ್ತು: ತಲುಪುತ್ತಿಲ್ಲ. ಹಾಗೆಂದು ಬರೆದು ಎದ್ದುಬರುವುದಷ್ಟೇ ಬಾಕಿ ಇತ್ತು. ಬರದೇ ಇದ್ದುದಕ್ಕೆ ಇವರು ಕಾರಣ.

ಇದೆಲ್ಲ ಎಂಟು ವರ್ಷದ ಹಿಂದಿನದೋ ಒಂಬತ್ತೋ, ಕೂಡಿ ಕಳೆದು ನೋಡಿದರೆ ಒಂದೊಂದು ಸಲ ಒಂದೊಂದು ಬರುತ್ತದೆ. ನೆನಪನ್ನು ಸಾಕ್ಷಿಯೆಂದು ಒಪ್ಪಬಾರದು ಎಂದು ನಮಗೆ ತರಗತಿಯಲ್ಲಿ ಕಲಿಸಿದ್ದರು. ಪರರ ನೆನಪಿನ ವಿಷಯದಲ್ಲಿ ಆ ಪಾಠವನ್ನು ಚೆನ್ನಾಗಿಯೇ ಪಾಲಿಸಿದೆ. ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಕೇಳಿ ಅಶೋಕಪುರಂನ ಅವರ ಮನೆಗೆ ಹೋಗಿದ್ದೆ. ಅಲ್ಲಿಗೆ ಹೋಗುವ ಮುಂಚೆ ನನಗೆ ಏನು ನೆನಪಿತ್ತೋ ಅದನ್ನೇ ಇಲ್ಲಿ ಬರೆಯುತ್ತೇನೆ, ತಿದ್ದುವುದಿಲ್ಲ. ಕುಳ್ಳಗೆ, ಗಟ್ಟಿ ಮೈಕಟ್ಟು. ಸಮವಸ್ತ್ರದ ನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿರುತ್ತಿದ್ದರು. ಎಡಮೂಗಿನಲ್ಲಿ ಕೆಂಪು ಹರಳಿನ ಮೂಗುಬೊಟ್ಟು. ಮಾತಾಡುವಾಗ ಕತ್ತು ಅಲುಗಿಸುತ್ತಿದ್ದುದರಿಂದ ಅದು ಮಿಣಮಿಣ ಅನ್ನುತ್ತಿತ್ತು. ಮುಖಕ್ಕಿಂತ ನನಗೆ ಆ ಮೂಗುಬೊಟ್ಟೇ ಸ್ಪಷ್ಟ.

ನಾನು ಅವರನ್ನು ಗಮನಿಸಿದ್ದು ಜೆರಾಕ್ಸಿನಿಂದ. ಹೆಂಗಸರ ವಿಭಾಗಕ್ಕೆ ಗಂಡನ ಜೊತೆ ಬಂದವರಲ್ಲಿ ಹೆಚ್ಚಿನವರ ಕಾಯಿಲೆಯನ್ನು ಗಂಡನೇ ಹೇಳುತ್ತಿದ್ದ. ಎಲ್ಲಿ ನೋವು, ಎಷ್ಟು ದಿನದಿಂದ, ಮುಟ್ಟು ಸರಿಯಾಗಿದೆಯೋ ಇಲ್ಲವೋ, ಎಲ್ಲ ಅವನ ಬಾಯಲ್ಲೇ. ಹೆಂಡತಿ ಬುರ್ಖಾದಲ್ಲಿರಲಿ, ತಲೆ ಮೇಲೆ ಸೆರಗು ಹೊದ್ದಿರಲಿ, ಪಕ್ಕದಲ್ಲಿ ಸುಮ್ಮನೆ. ಅಂಥ ಜೋಡಿ ಸಾಲಿನ ಮುಂದಕ್ಕೆ ಬಂದಾಗ ಇವರು ಒರೆಸುತ್ತಾ ಒರೆಸುತ್ತಾ ಅಲ್ಲಿಗೆ ತಲುಪುತ್ತಿದ್ದರು.

“ಅಣ್ಣಾ, ರೇಷನ್ ಕಾರ್ಡ್ ಜೆರಾಕ್ಸ್ ಇದೆಯಾ?”

“ಒರಿಜಿನಲ್ಲೇ ಇದೆಯಲ್ಲಮ್ಮ.”

“ಒರಿಜಿನಲ್ಲು ಮನೇಲಿಟ್ಕೊ ಕಣಣ್ಣ. ಎರಡು ಜೆರಾಕ್ಸ್ ಬೇಕು. ಗೇಟಿಂದ ಆಚೆ, ರೋಡ್ ದಾಟಿ ಎಡಕ್ಕೆ. ಕರೆಂಟಿಲ್ಲ ಅಂದ್ರೆ ಕಾಯಿ, ವಾಪಸ್ ಬಂದ್ಬುಡ್ಬೇಡ.”

ಗಂಡ ಹೋದ ಮೇಲೆ ಬಾಗಿ ಅವಳ ಕಿವಿಯಲ್ಲಿ ಏನೋ ಕೇಳುತ್ತಿದ್ದರು, ಉರ್ದು, ತಮಿಳು, ಕನ್ನಡ, ಯಾವುದು ಬೇಕೋ ಅದರಲ್ಲಿ. ಅವಳನ್ನು ಒಳಗೆ ಬಿಟ್ಟು, “ಮೇಡಂ, ಇವ್ರಿಗೆ ಹೊಟ್ಟೆನೋವಲ್ಲ, ಬೇರೆ ಇದೆ, ಕೇಳಿ” ಎಂದು ಬಂದುಬಿಡುತ್ತಿದ್ದರು. ಆ ಜೆರಾಕ್ಸುಗಳನ್ನು ಆಸ್ಪತ್ರೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

“ಇದು ಸುಳ್ಳಲ್ಲವೇ?” ಎಂದು ನಾನು ಕೇಳಿದೆ.

“ಸುಳ್ಳೇ ಸಾ. ಆ ಅಂಗ್ಡಿಯವ್ನು ನಂಗೊಂದ್ ಟೀನೂ ಕೊಡ್ಸಿಲ್ಲ ನೋಡಿ.”

ಚಿಕ್ಕಂದಿನಲ್ಲಿ ಉದಯಗಿರಿಯ ಒಂದು ಮನೆಯ ಜಗಲಿಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರಂತೆ. ಉರ್ದು ಬಂದದ್ದು ಅಲ್ಲಿ. ತಮಿಳು ಪಕ್ಕದ ಮನೆಯಿಂದ. ಆದರೆ ಭಾಷೆ ಬಂದರೆ ಸಾಕೆಂದು ನಾನು ಅಂದುಕೊಂಡಿದ್ದನ್ನು ಅವರು ಒಪ್ಪಲಿಲ್ಲ. ಔಷಧಿ ಕೊಡುವ ಕಿಟಕಿಯಲ್ಲಿ “ಬೆಳಿಗ್ಗೆ ತಿಂಡಿ ಆದ್ಮೇಲೆ” ಎಂದು ಹೇಳುವುದನ್ನು ಕೇಳಿ ಕೇಳಿ ಅವರಿಗೆ ರೇಗುತ್ತಿತ್ತು.

“ತಿಂಡಿ ಯಾರ್ ಮನೇಲಿ ಸಾ ಮಾಡ್ತಾರೆ ದಿನಾ? ನಮ್ ಬೀದೀಲಿ ಹತ್ತು ಗಂಟೆಗೆ ಒಂದ್ ಬನ್ನು ಟೀ. ಅದು ತಿಂಡಿನಾ? ಅವ್ರು ಮಾತ್ರೆ ಕೈಲಿಡ್ಕೊಂಡು ತಿಂಡಿ ಬರ್ತದೆ ಅಂತ ಕಾಯ್ತಾ ಕೂತ್ಕೊಬೇಕಾ?”

ಹಾಗಾಗಿ ಯಾರು ಬಂದರೂ ಇವರು ಮೊದಲು ಅವರ ಮನೆಯ ದಿನ ಹೇಗೆ ಸಾಗುತ್ತದೆಂದು ವಿಚಾರಿಸುತ್ತಿದ್ದರು. ಮಾತ್ರೆಯ ಹೊತ್ತನ್ನು ಅದಕ್ಕೆ ಕಟ್ಟುತ್ತಿದ್ದರು. ಅಶೋಕಪುರಂನವರಿಗೆ ರೈಲ್ವೆ ವರ್ಕ್‌ಶಾಪಿನ ಸೈರನ್. ಹಳ್ಳಿಯಿಂದ ಬಂದು ತರಕಾರಿ ಮಾರುವವರಿಗೆ, ಸಂತೆಗೆ ಗಂಟು ಹೊರುವ ಮುಂಚೆ. ದಟ್ಟಗಳ್ಳಿಯ ಅಜ್ಜಿಯದು ಬೇರೆಯೇ ತೊಡಕು. ಥೈರಾಯ್ಡಿನ ಮಾತ್ರೆಯನ್ನು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಅಜ್ಜಿ ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ನೀರೂ ಹಾಕದವರು. ಪೂಜೆ ಮುಗಿದೊಡನೆ ಕಾಫಿ, ಇಡ್ಲಿ. ಮಾತ್ರೆ ಅದರ ಜೊತೆ. ಗುಣ ಕಾಣಲಿಲ್ಲ. ಡಾಕ್ಟರು ಡೋಸು ಏರಿಸಿದರು. ಇವರು ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, “ಅವ್ವಾ, ಪೂಜೆ ಆದ್ಮೇಲೆ ತೀರ್ಥ ತಗೋತೀರಲ್ಲ, ಅದ್ರ ಜೊತೆ ನುಂಗ್ಬುಡಿ. ಆಮೇಲೆ ಅರ್ಧ ಗಂಟೆ ಜಪ ಮಾಡಿ. ಕಾಫಿ ಎಲ್ಲೂ ಓಡೋಗಲ್ಲ” ಎಂದರು. ಅಜ್ಜಿ ಡಾಕ್ಟರಮ್ಮ ಅನ್ನಲು ಶುರುಮಾಡಿದ್ದು ಅಂದಿನಿಂದ.

ಉದಯಗಿರಿಯವರಿಗೆ ಐದು ಹೊತ್ತಿನ ನಮಾಜೇ ಗಡಿಯಾರ. “ಫಜರ್ ಕೆ ಬಾದ್ ಏಕ್, ಮಗ್ರಿಬ್ ಕೆ ಬಾದ್ ಏಕ್. ಭೂಲೋ ನಕ್ಕೋ.” ನಸುಕಿನ ನಮಾಜಾದ ಮೇಲೆ ಒಂದು, ಸಂಜೆಯ ನಮಾಜಾದ ಮೇಲೆ ಒಂದು, ಮರೀಬೇಡಿ. ಹೇಳುತ್ತಾ ಅವರ ಅಂಗೈಯಲ್ಲಿ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು.

ನನಗೆ ನಿಧಿ ಸಿಕ್ಕಿದ ಹಾಗಾಯಿತು. ಯಾವುದನ್ನೂ ಸುಲಭಕ್ಕೆ ನಂಬದವನು ಇದನ್ನು ನಂಬಿದೆ. ಟಿಪ್ಪಣಿ ಬರೆದೆ, ಚಿತ್ರ ಬರೆಸಿದೆ, ಯೋಜನೆಯವರನ್ನು ಒಪ್ಪಿಸಿ ಕಾರ್ಡು ಅಚ್ಚು ಹಾಕಿಸಿದೆ. ಒಂದರಲ್ಲಿ ಸೈರನ್ನಿನ ಚಿತ್ರ, ಇನ್ನೊಂದರಲ್ಲಿ ದೀಪ, ಮತ್ತೊಂದರಲ್ಲಿ ಮಿನಾರು ಮತ್ತು ಅದರ ಪಕ್ಕದಲ್ಲಿ ಮೂಡುವ, ಮುಳುಗುವ ಸೂರ್ಯ. ಕೆಳಗೆ ಮಾತ್ರೆಯ ಗುರುತು. ಹಾಳಾಗದಿರಲೆಂದು ಲ್ಯಾಮಿನೇಷನ್ ಮಾಡಿಸಿದ್ದೂ ನಾನೇ. ವರದಿಯಲ್ಲಿ ಅವರ ಹೆಸರನ್ನು ಪೂರ್ತಿಯಾಗಿ ಬರೆದು, “ಈ ಪದ್ಧತಿಯನ್ನು ರೂಪಿಸಿದವರು ಸ್ವತಃ ಇವರೇ” ಎಂದು ಸೇರಿಸಿದೆ. ಬಡವರಿಂದ ಕಲಿತದ್ದನ್ನು ತಮ್ಮದೆಂದು ಬರೆದುಕೊಳ್ಳುವ ವಿದ್ವಾಂಸರನ್ನು ಕಂಡು ಬೇಸತ್ತಿದ್ದ ನನಗೆ, ಆ ಸಾಲಿನ ಬಗ್ಗೆ ಹೆಮ್ಮೆಯಿತ್ತು. ಅವರಿಗೆ ಓದಿ ತೋರಿಸಿದೆ.

“ನನ್ನ ಹೆಸ್ರು ಯಾಕ್ ಸಾ?” ಎಂದು ನಾಚಿದರು. ಆಮೇಲೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಚೆನ್ನಾಗದೆ. ಗಟ್ಟಿ ಮಾಡ್ಸಿದ್ದೀರ” ಅಂದರು.

ಅಷ್ಟೇ ಅಂದರೋ, ಇನ್ನೇನಾದರೂ ಅಂದರೋ? ನಾನು ಇಷ್ಟು ವರ್ಷ ಸುತ್ತುತ್ತಿರುವುದು ಈ ಒಂದು ಜಾಗವನ್ನೇ.

ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ಅವರು ಅಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಹೋಗುತ್ತಾರೆ. ಇನ್ನೊಂದರಲ್ಲಿ, ಔಷಧಿ ಕಿಟಕಿಯ ಪಕ್ಕದಲ್ಲಿ ನಿಂತು, ಕತ್ತು ಅಲುಗಿಸುತ್ತಾ, “ರಂಜಾನ್ ಬಂದ್ರೆ ಇದು ನಡಿಯಾಕಿಲ್ಲ ಸಾ, ಆಗ ಬೇರೆ ಹೇಳ್ಬೇಕು” ಅನ್ನುತ್ತಾರೆ. ನಾನು “ಆಮೇಲೆ ಸೇರಿಸೋಣ” ಅನ್ನುತ್ತೇನೆ. ಮೂಗುಬೊಟ್ಟು ಹೊಳೆಯುತ್ತದೆ. ಈ ಎರಡನೆಯದು ನಡೆದದ್ದೋ, ಆಮೇಲೆ ನಾನು ಕಟ್ಟಿಕೊಂಡದ್ದೋ ಗೊತ್ತಿಲ್ಲ. ಅವರನ್ನು ನಿರ್ದೋಷಿಯಾಗಿಸಲು ಕಟ್ಟಿಕೊಂಡಿರಬಹುದು. ಅಥವಾ ನಡೆದಿದ್ದು ಅದೇ ಆಗಿದ್ದು, ನನ್ನನ್ನು ಉಳಿಸಿಕೊಳ್ಳಲು ಮೊದಲನೆಯದನ್ನು ಕಟ್ಟಿಕೊಂಡಿರಬಹುದು. ಆ ವಾರದ ನನ್ನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಪದ ಇದೆ: “ಉಪವಾಸ?” ಅವರು ಹೇಳಿದ್ದನ್ನು ಗುರುತು ಹಾಕಿಕೊಂಡೆನೋ, ನನಗೇ ಹೊಳೆದದ್ದೋ, ಅನಾಹುತವಾದ ಮೇಲೆ ಪುಟ ತಿರುವಿ ಬರೆದೆನೋ ತಿಳಿಯದು. ಬೇರೆಯವರ ಪುಸ್ತಕವಾಗಿದ್ದರೆ ಇಂಥ ಸಾಕ್ಷ್ಯವನ್ನು ನಾನು ಎತ್ತಿ ಬಿಸಾಡುತ್ತಿದ್ದೆ.

ಅನಾಹುತವಾದದ್ದು ಉದಯಗಿರಿಯ ಒಬ್ಬ ಸ್ಕೂಟರ್ ಮೆಕ್ಯಾನಿಕ್‌ಗೆ. ಐವತ್ತರ ಮೇಲಿನ ವಯಸ್ಸು, ಸಕ್ಕರೆ ಕಾಯಿಲೆ. ಬೆಳಗಿನ ಮಾತ್ರೆ ಸಕ್ಕರೆಯನ್ನು ಜೋರಾಗಿ ಇಳಿಸುವಂಥದು. ನುಂಗಿದ ಮೇಲೆ ಹೊತ್ತುಹೊತ್ತಿಗೆ ತಿನ್ನುತ್ತಿರಬೇಕು. ಮಾಮೂಲು ದಿನಗಳಲ್ಲಿ ತೊಂದರೆ ಇರಲಿಲ್ಲ. ಫಜರ್ ನಮಾಜು, ಮಾತ್ರೆ, ಆಮೇಲೆ ತಿಂಡಿ, ಮಧ್ಯಾಹ್ನದ ಊಟ. ರಂಜಾನ್ ಬಂತು. ಫಜರ್ ಆದ ಮೇಲೆ ಬಾಯಿಗೆ ಏನೂ ಹೋಗಕೂಡದು. ಅವರು ಯೋಚಿಸಿ, ನಮಾಜಿಗೆ ತುಸು ಮುಂಚೆ, ನಸುಕಿನ ಸೆಹ್ರಿ ಊಟದ ಜೊತೆಗೇ ಆ ಮಾತ್ರೆ ನುಂಗಿದರು. ಕಾಲು ಗಂಟೆ ಆಚೀಚೆ, ಅಷ್ಟೇ ತಾನೆ? ನಮಾಜಿನ ಹೊತ್ತು ಅಲ್ಲೇ ಇತ್ತು, ಊಟದ ಹೊತ್ತು ಮಾತ್ರ ಸಂಜೆಗೆ ಸರಿದಿತ್ತು. ಮುಂಚೆಲ್ಲ ರಂಜಾನಿಗೆ ಮೊದಲು ಆಸ್ಪತ್ರೆಗೆ ಬಂದು ಆಪಾರನ್ನು ಕೇಳುತ್ತಿದ್ದರಂತೆ. ಆ ಸಲ ಕೇಳಲಿಲ್ಲ. ಕೈಯಲ್ಲಿ ಅಚ್ಚಾದ ಕಾರ್ಡಿತ್ತು, ಮಿನಾರಿನ ಚಿತ್ರವಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ, ಬಿಚ್ಚಿಟ್ಟ ಸ್ಕೂಟರಿನ ಪಕ್ಕದಲ್ಲೇ ಒರಗಿಬಿಟ್ಟರು. ರೋಜಾ ಉಪವಾಸದ ಸುಸ್ತು ಎಂದು ಅಂಗಡಿಯವರು ನೆರಳಿಗೆ ಮಲಗಿಸಿದರು. ನಿದ್ದೆ ಮಾಡುತ್ತಿದ್ದಾರೆಂದುಕೊಂಡರು. ಬಹಳ ಹೊತ್ತಿನ ಮೇಲೆ ಪಕ್ಕದ ಮಸೀದಿಯ ಮೌಲ್ವಿಗಳು ಬಂದು ನೋಡಿ, “ಜೀವ ಮೊದ್ಲು ಕಣ್ರಪ್ಪ, ಸಕ್ಕರೆ ತನ್ನಿ” ಎಂದು ಗದರಿದರಂತೆ. ಜೀವ ಉಳಿಯಿತು. ಆದರೆ ಆ ಮೇಲೆ ಯಾವ ನಟ್ಟು ಯಾವ ಬೋಲ್ಟಿನದೆಂದು ಅವರ ಕೈಗೆ ತಿಳಿಯಲಿಲ್ಲ. ಮಾತು ಅರ್ಧದಲ್ಲಿ ನಿಲ್ಲುತ್ತಿತ್ತು.

ಆಪಾ ಬಾಯಲ್ಲಿ ಹೇಳುತ್ತಿದ್ದುದು ತಿಂಗಳಿಗೆ ತಕ್ಕಂತೆ ಬದಲಾಗಬಲ್ಲದಾಗಿತ್ತು. ಕಾರ್ಡು ಬದಲಾಗುವಂಥದಲ್ಲ, ಗಟ್ಟಿ ಮಾಡಿಸಿದ್ದೆನಲ್ಲ. ಮುಂಚಿನ ವರ್ಷಗಳಲ್ಲಿ ಅವರು ರಂಜಾನಿಗೆ ಬೇರೆ ಹೇಳುತ್ತಿದ್ದರೆಂದರೆ, ನನಗೂ ಹೇಳಿಯೇ ಇರುತ್ತಾರೆ ಎಂದು ತರ್ಕಿಸಬಹುದು. ಆದರೆ ತರ್ಕದಿಂದ ನೆನಪು ಹುಟ್ಟಿದರೆ ಅದು ನೆನಪಲ್ಲ.

ವಿಚಾರಣೆಯಲ್ಲಿ ಮೇಜಿನ ಹಿಂದೆ ಮೂವರಿದ್ದರು. ನನಗೆ ಕುರ್ಚಿ ಕೊಟ್ಟರು. ಇವರು ನನ್ನ ಪಕ್ಕದಲ್ಲಿ ನಿಂತೇ ಇದ್ದರು. ಆಸ್ಪತ್ರೆಯ ಹಿರಿಯ ಅಧಿಕಾರಿ ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಯಾರದ್ರೀ ಇದು?” ಎಂದರು. ಯಾರೂ ಮಾತಾಡುವ ಮೊದಲೇ ನನ್ನ ವರದಿ ತೆರೆದು ತಾವೇ ಗಟ್ಟಿಯಾಗಿ ಓದಿದರು. “ಈ ಪದ್ಧತಿಯನ್ನು ರೂಪಿಸಿದವರು ಸ್ವತಃ ಇವರೇ.” ಹೆಸರನ್ನೂ ಓದಿದರು. ನನ್ನ ಕಡೆ ತಿರುಗಿ, “ನೀವೇ ಬರೆದದ್ದಲ್ವೇ?” ಎಂದು ಕೇಳಿದರು.

“ಹೌದು” ಎಂದೆ. ಅದು ನಿಜವಾಗಿತ್ತು. ಮುಂದೆ ಹೇಳಬೇಕಾದದ್ದು ಬಹಳ ಇತ್ತು. ಔಷಧಿ ಬರೆದವರು ಉಪವಾಸದ ಬಗ್ಗೆ ಯಾಕೆ ಕೇಳಲಿಲ್ಲ, ಕಾರ್ಡು ನೋಡಿ ಸಹಿ ಹಾಕಿದವರು ಯಾರು, ಅಚ್ಚು ಹಾಕಿಸಿದವನು ಯಾರು. ಇವನ್ನೆಲ್ಲ ಕ್ರಮವಾಗಿ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇವರೇ ಅಂದುಬಿಟ್ಟರು, “ನಾನೇ ಸಾ ಹೇಳಿದ್ದು. ಈ ಸಾರ್‌ದೇನೂ ಇಲ್ಲ, ಬುಡಿ.”

ಕೆಲಸದಿಂದ ತೆಗೆಯಲಿಲ್ಲ. ಸ್ವಚ್ಛತಾ ಸಿಬ್ಬಂದಿ ರೋಗಿಗಳ ಜೊತೆ ಚಿಕಿತ್ಸೆಯ ವಿಷಯ ಮಾತಾಡಕೂಡದೆಂದು ಗೋಡೆಗೆ ಆದೇಶ ಅಂಟಿಸಿದರು. ಕಾರ್ಡುಗಳನ್ನು ವಾಪಸು ತರಿಸಿ ಮೂಟೆ ಕಟ್ಟಿದರು.

ಸ್ವಲ್ಪ ದಿನದ ಮೇಲೆ ನನ್ನ ಸಾಮಾನು ತರಲು ಹೋಗಿದ್ದೆ. ಸಹಾಯ ಕೇಂದ್ರ ಎಂದು ಮೂರು ಭಾಷೆಯಲ್ಲಿ ಬರೆದ ಹೊಸ ಬೋರ್ಡು ಬಂದಿತ್ತು. ಅದರ ಕೆಳಗಿನ ಕುರ್ಚಿಯ ಮೇಲೆ ಯಾರದೋ ಹೆಲ್ಮೆಟ್ಟು ಇತ್ತು. ಔಷಧಿ ಕಿಟಕಿಯ ಮುಂದೆ ಒಬ್ಬ ಮುದುಕಿ ಮಾತ್ರೆಯ ಪಟ್ಟಿಯನ್ನು ಮುಂದೆ ಚಾಚಿ, “ಕಬ್ ಖಾನಾ ಬಾಬಾ?” ಎಂದು ಯಾವಾಗ ನುಂಗಬೇಕೆಂದು ಕೇಳುತ್ತಿದ್ದಳು. ಒಳಗಿನವನು “ಊಟ ಆದ್ಮೇಲೆ!” ಎಂದ. ಅವಳು ಮತ್ತೆ ಕೇಳಿದಳು. ಅವನು ಇನ್ನೂ ಜೋರಾಗಿ ಅದನ್ನೇ ಕೂಗಿದ. ಕೂಗಿದರೆ ಕನ್ನಡ ಉರ್ದುವಾಗುತ್ತದೇನೋ ಎಂಬಂತೆ ಮೂರನೆಯ ಸಲವೂ ಕೂಗಿದ. ಇವರು ಅಲ್ಲೇ ಮೂರು ಮಾರು ದೂರದಲ್ಲಿ ನೆಲ ಒರೆಸುತ್ತಿದ್ದರು. ಮುದುಕಿ ತಿರುಗಿ, “ಆಪಾ?” ಎಂದಳು. ಇವರು ತಲೆ ಎತ್ತದೆ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದರು. ಮತ್ತೆ ಅದ್ದಿ ಮತ್ತೆ ಹಿಂಡಿದರು. ಅಷ್ಟು ಹೊತ್ತಿಗೆ ನನಗೂ ಅಷ್ಟಿಷ್ಟು ಉರ್ದು ಬರುತ್ತಿತ್ತು. ನಾನು ಹೇಳಬಹುದಿತ್ತು. ಯಾವ ನಮಾಜಿನ ನಂತರ ಎಂದು ಹೇಳಲಿ? ಮುದುಕಿ ಪಟ್ಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟುಹೋದಳು.

ಆಮೇಲೆ ನಾನು ಅವರನ್ನು ಕಂಡು ಮಾತಾಡಿಸಲಿಲ್ಲ. ಊರು ಅಷ್ಟೇನೂ ದೊಡ್ಡದಲ್ಲ. ನನ್ನ ಮನೆಯಿಂದ ಅಶೋಕಪುರಂ ಒಂದು ಬಸ್ಸಿನ ದೂರ. ಸರಿಯಾಗಿ ನೆನಪಾದ ಮೇಲೆ ಹೋಗೋಣ ಎಂದುಕೊಂಡಿದ್ದೆ.

ಕಳೆದ ತಿಂಗಳು ಅವರ ಮನೆಗೆ ಹೋದಾಗ ಮಗಳು ಟೀ ಮಾಡಿ ಕೊಟ್ಟಳು. ಅವಳು ಈಗ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳಂತೆ. ಕೆಲಸ ಬಿಟ್ಟ ಮೇಲೂ ಅಮ್ಮ ಪ್ರತಿ ವರ್ಷ ರಂಜಾನಿಗೆ ಮುಂಚೆ ಉದಯಗಿರಿಗೆ ಹೋಗಿ, ಪರಿಚಯದ ಮನೆಗಳ ಬಾಗಿಲಲ್ಲಿ ನಿಂತು, ಸಕ್ಕರೆ ಕಾಯಿಲೆಯವರಿಗೆ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬದಲಾಯಿಸಿಕೊಳ್ಳಿ ಎಂದು ಹೇಳಿ ಬರುತ್ತಿದ್ದಳಂತೆ. ಮೊದಲು ಮೆಕ್ಯಾನಿಕ್ ಮನೆ. ಅವರು ಪ್ರತಿ ಸಲವೂ, ಮಾತು ಅರ್ಧಕ್ಕೆ ನಿಂತರೂ, ಕುರ್ಚಿ ಎಳೆದು ಹಾಕುತ್ತಿದ್ದರಂತೆ.

ಅವಳೂ ತನ್ನ ಲೋಟ ಹಿಡಿದು ಎದುರಿಗೆ ಕೂತಳು.

“ಸಾರ್, ಒಂದ್ ಮಾತು ಕೇಳ್ಲಾ? ಅಮ್ಮ ಕೊನೇವರ್ಗೂ ಇದ್ನೇ ಹೇಳ್ತಿದ್ಲು. ‘ಆ ಸಾರ್‌ಗೆ ರಂಜಾನ್ ವಿಷ್ಯ ಹೇಳಿದ್ನೋ ಇಲ್ವೋ, ಗ್ಯಾಪ್ಕ ಬರ್ತಿಲ್ಲ ಕಣೆ. ಹೇಳಿದ್ದೆ ಅನ್ಸುತ್ತೆ, ಇಲ್ಲಾ ಅನ್ಸುತ್ತೆ.’ ನಿದ್ದೆಗಣ್ಣಲ್ಲೂ ಅದೇ. ಹೇಳಿದ್ಲಾ ಸಾರ್?”

ಅವರಿಗೂ ಎರಡು ನೆನಪುಗಳಿದ್ದವು. ಇದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಅವರಿಗಾದರೂ ನಿಜ ಗೊತ್ತಿರುತ್ತದೆ, ಹೋಗಿ ಕೇಳಿದರೆ ತೀರ್ಮಾನವಾಗುತ್ತದೆ ಎಂದು ಇಷ್ಟು ವರ್ಷ ಭಯಪಟ್ಟಿದ್ದೆ.

“ಹೇಳಿದ್ರು” ಎಂದೆ.

ಆಧಾರವಿಲ್ಲದೆ ನಾನು ಖಡಾಖಂಡಿತವಾಗಿ ಹೇಳಿದ ಮಾತು ಅದೊಂದೇ ಇರಬೇಕು. ಅವಳು ಟೀ ಲೋಟವನ್ನು ಕೆಳಗಿಟ್ಟಳು.

“ನಿಜವಾಗ್ಲೂನಾ? ಎಲ್ಲಿ ಹೇಳಿದ್ಲು ಸಾರ್? ಎಂಗ್ ಹೇಳಿದ್ಲು?”

“ಔಷಧಿ ಕಿಟಕಿ ಹತ್ತಿರ. ಒರೆಸುವ ಕೋಲು ಕೈಯಲ್ಲೇ ಇತ್ತು. ರಂಜಾನ್ ಬಂದ್ರೆ ಇದು ನಡೆಯಲ್ಲ ಅಂದ್ರು. ನಾನೇ ಆಮೇಲೆ ಸೇರಿಸೋಣ ಅಂದೆ. ನನಗೆ ಚೆನ್ನಾಗಿ ನೆನಪಿದೆ, ಹೀಗೆ ಕತ್ತು ಅಲುಗಿಸಿದ್ರಲ್ಲ, ಆ ಕೆಂಪು ಹರಳಿನ ಮೂಗುಬೊಟ್ಟು...”

ಅವಳ ಕಣ್ಣು ನನ್ನನ್ನು ಬಿಟ್ಟು ಗೋಡೆಯ ಕಡೆ ಹೋಯಿತು. ನಾನೂ ನೋಡಿದೆ. ಹೂವಿನ ಹಾರದೊಳಗೆ ದೊಡ್ಡದು ಮಾಡಿಸಿದ ಫೋಟೋ. ಗಿಡ್ಡ ಕತ್ತು, ಅಗಲ ಹಣೆ, ನೇರ ನೋಟ.

“ಅಮ್ಮಂಗೆ ಮೂಗೇ ಚುಚ್ಚಿರ್ಲಿಲ್ಲ ಸಾರ್” ಎಂದಳು, ಮೆಲ್ಲಗೆ.

ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಮಾಡಿದಳು.

“ಇರ್ಲಿ ಬುಡಿ. ಹೇಳಿದ್ಲು ಅಂತ್ಲೇ ಇಟ್ಕೋತೀನಿ. ಟೀ ಆರೋಯ್ತಾ ಇದೆ, ಕುಡೀರಿ.”